ನಿಮಗಿದು ಗೊತ್ತೆ? ಮೋಡದೊಳಗೆ ದಾರಿ ತೋರುವ ‘ಗಗನ್’

ಮೋಡ ಕವಿದು ರನ್‌ವೇ ಕಾಣದಿದ್ದಾಗ ಪೈಲಟ್‌ಗೆ ಸಾಮಾನ್ಯವಾಗಿ ನೆರವಾಗುವುದು ನೆಲದ ಮೇಲೆ ನೆಟ್ಟ ಐಎಲ್‌ಎಸ್ ಉಪಕರಣದ ರೇಡಿಯೊ ಸಂಕೇತ. ಅದಿಲ್ಲದ ಸಣ್ಣ ನಿಲ್ದಾಣಗಳಲ್ಲಿ? ಅಲ್ಲಿ ಕೈಹಿಡಿಯಬಲ್ಲದ್ದು ಇಸ್ರೊ ಮತ್ತು ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ, ಜಿಪಿಎಸ್ ಲೆಕ್ಕವನ್ನು ತಿದ್ದಿ ಕೊಡುವ ವ್ಯವಸ್ಥೆ ‘ಗಗನ್’.

ಬರೀ ಜಿಪಿಎಸ್ ಸಾಲದೆ? ಸಾಲದು. ಭೂಮಧ್ಯರೇಖೆಗೆ ಹತ್ತಿರವಿರುವ ನಮ್ಮ ನೆತ್ತಿಯ ಮೇಲೆ, ವಾತಾವರಣದ ಮೇಲ್ಪದರವಾದ ಅಯಾನುಗೋಳ ಬಲು ಚಂಚಲ. ಅದನ್ನು ಹಾಯ್ದು ಬರುವ ಸಂಕೇತ ತಡವಾಗಿ ಲೆಕ್ಕ ತಪ್ಪುತ್ತದೆ, ಅದರಲ್ಲೂ ಎತ್ತರದ ಲೆಕ್ಕ. ದೇಶದ 15 ಕಡೆ ಇರುವ ಗಗನ್ ಕೇಂದ್ರಗಳಿಗೆ ತಾವಿರುವ ಜಾಗ ಕರಾರುವಾಕ್ಕಾಗಿ ಗೊತ್ತು. ಅವು ಹಿಡಿದ ಮಾಹಿತಿ ಬೆಂಗಳೂರಿನ ಕುಂದಲಹಳ್ಳಿಗೆ ಬರುತ್ತದೆ. ಜಿಪಿಎಸ್ ಹೇಳಿದ್ದಕ್ಕೂ ನಿಜಕ್ಕೂ ಇರುವ ಅಂತರ ಅಲ್ಲಿ ಲೆಕ್ಕವಾಗಿ, ತಿದ್ದುಪಡಿಯು ಜಿಸ್ಯಾಟ್ ಉಪಗ್ರಹದ ಮೂಲಕ ಕಾಕ್‌ಪಿಟ್ ಸೇರುತ್ತದೆ.

2022ರ ಏಪ್ರಿಲ್‌ನಲ್ಲಿ ಇಂಡಿಗೊದ ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಹೀಗೇ ಗಗನ್ ನೆರವಿನಿಂದ ಇಳಿಯಿತು.

ಹೀಗೆ ಇಳಿಯುವಾಗ ಪೈಲಟ್‌ನ ಕಣ್ಣು ಕಾಕ್‌ಪಿಟ್ ತೆರೆಯ ಮೇಲಿನ ಎರಡು ಗುರುತುಗಳ ಮೇಲೆ: ಒಂದು ಎಡ–ಬಲಕ್ಕೆ, ಇನ್ನೊಂದು ಏರು–ಇಳಿಗೆ. ಎರಡನ್ನೂ ನಡುವಿನಲ್ಲೇ ಹಿಡಿದು ಇಳಿಯುತ್ತ ಬಂದಂತೆ, ನೆಲದಿಂದ ಸುಮಾರು 250 ಅಡಿ ಎತ್ತರದಲ್ಲಿ ರನ್‌ವೇ ಇಲ್ಲವೇ ಅದರ ದೀಪಗಳು ಕಾಣಲೇಬೇಕು. ಕಾಣದಿದ್ದರೆ ವಿಮಾನವನ್ನು ತಕ್ಷಣ ಮತ್ತೆ ಮೇಲಕ್ಕೆತ್ತಬೇಕು.