ಎರಡರಲ್ಲಿ ಒಂದು ಎಂಜಿನ್ ನಿಂತರೆ

ಎಂಜಿನ್ ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ ಎಂದು ನಾವೆಲ್ಲ ನಂಬಿರುತ್ತೇವೆ. ದೊಡ್ಡ ಪ್ರಯಾಣಿಕ ವಿಮಾನಗಳ ಮಟ್ಟಿಗೆ ಈ ನಂಬಿಕೆ ಸರಿ. ಟೇಕಾಫ್ ನಡುವೆ ಒಂದು ಎಂಜಿನ್ ನಿಂತರೂ ಉಳಿದದ್ದರ ಬಲದಲ್ಲಿ ಮೇಲೇರಬೇಕು ಎಂಬ ನಿಯಮಕ್ಕೆ ಒಳಪಟ್ಟೇ ಅವು ತಯಾರಾಗುತ್ತವೆ. ನಾಲ್ಕಾರು ಜನ ಕೂರುವ, ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ಕತೆ ಬೇರೆ. ಅಮೆರಿಕದಲ್ಲಿ ಬಹುಕಾಲ ಜಾರಿಯಲ್ಲಿದ್ದ ನಿಯಮದಂತೆ, 2722 ಕಿಲೋಗ್ರಾಮಿಗಿಂತ ಹೆಚ್ಚು ತೂಗದ, ಇಳಿಯುವ ಹೊತ್ತಿನ ಸ್ಟಾಲ್ ವೇಗ (ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಬಲ್ಲ ಕನಿಷ್ಠ ವೇಗ) 61 ನಾಟ್ ಮೀರದ ಜೋಡಿ ಎಂಜಿನ್ ವಿಮಾನ ಒಂದೇ ಎಂಜಿನ್ನಿನಲ್ಲಿ ಏರಲೇಬೇಕೆಂದಿರಲಿಲ್ಲ. ಎಷ್ಟು ಏರುತ್ತದೆ ಅಥವಾ ಎಷ್ಟು ಇಳಿಯುತ್ತದೆ ಎಂದು ಅಳೆದು ಕೈಪಿಡಿಯಲ್ಲಿ ಬರೆದರೆ ಸಾಕಿತ್ತು.

ಮೂತಿ ಹೊರಳುವ ಬಗೆ

ಒಂದು ಎಂಜಿನ್ ನಿಂತ ಕೂಡಲೇ ಎದುರಾಗುವ ಮೊದಲ ತೊಂದರೆ ದಿಕ್ಕಿನದು. ಕಾರಹುಣ್ಣಿಮೆಗೆ ಹೆಸರಾದ ಕರ್ಜಗಿಯಲ್ಲಿ ಬಂಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೊಗದ ಎಡಗಡೆಯ ಎತ್ತು ತಟ್ಟನೆ ನಿಂತು ಬಲಗಡೆಯದು ಎಳೆಯುತ್ತಲೇ ಇದ್ದರೆ ಬಂಡಿ ಎಡಕ್ಕೆ ತಿರುಗುತ್ತದೆ. ವಿಮಾನವೂ ಸತ್ತ ಎಂಜಿನ್ನಿನ ಕಡೆಗೇ ಮೂತಿ ಹೊರಳಿಸುತ್ತದೆ. ನಿಂತ ಎಂಜಿನ್ನಿನ ಪ್ರೊಪೆಲ್ಲರ್ ಎದುರುಗಾಳಿಗೆ ಸುಮ್ಮನೆ ತಿರುಗುತ್ತ ವಿಮಾನವನ್ನು ಹಿಂದಕ್ಕೆ ಜಗ್ಗುವುದರಿಂದ ಹೊರಳಾಟ ಇನ್ನಷ್ಟು ಜೋರಾಗುತ್ತದೆ. ಮೂತಿ ಹೊರಳಿದಂತೆ ಆ ಬದಿಯ ರೆಕ್ಕೆಯೂ ಕೆಳಗೆ ವಾಲುತ್ತದೆ.

ಇದನ್ನು ತಡೆಯಲು ಪೈಲಟ್ ಕಾಲಿನಿಂದ ಒತ್ತುವ ರಡ್ಡರ್ ಇದೆ. ಆದರೆ ಅದರ ಬಲ ಹುಟ್ಟುವುದು ಬಾಲದ ಮೇಲೆ ಹರಿಯುವ ಗಾಳಿಯಿಂದ. ವೇಗ ಅರ್ಧಕ್ಕೆ ಇಳಿದರೆ ಆ ಬಲ ಕಾಲುಭಾಗಕ್ಕೆ ಇಳಿಯುತ್ತದೆ. ಹೀಗೆ ಇಳಿಯುತ್ತ ಹೋದರೆ, ರಡ್ಡರನ್ನು ಕೊನೆಯವರೆಗೆ ಒತ್ತಿದರೂ ಮೂತಿ ನಿಲ್ಲದ ಒಂದು ಹಂತ ಬರುತ್ತದೆ. ಅದೇ ಕನಿಷ್ಠ ಹತೋಟಿ ವೇಗ. ವೇಗಮಾಪಕದಲ್ಲಿ ಅದಕ್ಕೊಂದು ಕೆಂಪು ಗೆರೆ ಎಳೆದಿರುತ್ತಾರೆ. ನೆಲಕ್ಕೆ ಹತ್ತಿರವಿದ್ದಾಗ ವೇಗ ಆ ಗೆರೆಗಿಂತ ಕೆಳಗಿಳಿದು, ಉಳಿದ ಎಂಜಿನ್ ಪೂರ್ಣ ಶಕ್ತಿಯಲ್ಲಿ ಎಳೆಯುತ್ತಿದ್ದರೆ ವಿಮಾನ ಮಗುಚಿಬೀಳಬಹುದು. ಆಗ ಮಾಡಬೇಕಾದದ್ದು ಮನಸ್ಸು ಒಪ್ಪದ ಕೆಲಸ: ಚೆನ್ನಾಗಿ ಓಡುತ್ತಿರುವ ಎಂಜಿನ್ನಿನ ಶಕ್ತಿಯನ್ನೇ ತಗ್ಗಿಸಿ, ಮೂತಿ ಇಳಿಸಿ, ವೇಗ ಗಳಿಸಬೇಕು.

ಎರಡೂ ಪ್ರೊಪೆಲ್ಲರ್‌ಗಳು ಪೈಲಟ್‌ಗೆ ಕಾಣುವಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುವ ವಿಮಾನದಲ್ಲಿ ಎಡ ಎಂಜಿನ್ ಕೆಡುವುದೇ ಹೆಚ್ಚು ಅಪಾಯ. ಮೂತಿ ಮೇಲೆತ್ತಿ ಏರುವಾಗ ಪ್ರೊಪೆಲ್ಲರಿನ ಕೆಳಗಿಳಿಯುವ ಅಲಗು ಗಾಳಿಯನ್ನು ಹೆಚ್ಚು ಕಚ್ಚುತ್ತದೆ. ಹೀಗಾಗಿ ಬಲ ಎಂಜಿನ್ನಿನ ಎಳೆತ ವಿಮಾನದ ನಡುಗೆರೆಯಿಂದ ಇನ್ನೂ ದೂರಕ್ಕೆ ಸರಿದು ಹೊರಳಿಸುವ ಬಲ ಕೂಡುತ್ತದೆ. ಪೈಪರ್ ಸೆಮಿನೋಲ್‌ನಂಥ ತರಬೇತಿ ವಿಮಾನಗಳಲ್ಲಿ ಬಲ ಪ್ರೊಪೆಲ್ಲರನ್ನು ಉಲ್ಟಾ ದಿಕ್ಕಿಗೆ ತಿರುಗಿಸಿ ಈ ವ್ಯತ್ಯಾಸವನ್ನು ಅಳಿಸಿದ್ದಾರೆ. ಸೆಸ್ನಾ ಸ್ಕೈಮಾಸ್ಟರ್‌ನಲ್ಲಿ ಒಂದು ಎಂಜಿನ್ ಮುಂದೆ, ಇನ್ನೊಂದು ಹಿಂದೆ. ಅಲ್ಲಿ ಹೊರಳುವ ಪ್ರಶ್ನೆಯೇ ಇಲ್ಲ.

ಅರ್ಧ ಹೋದರೆ ಮುಕ್ಕಾಲೂ ಹೋದಂತೆ

ಎರಡನೆಯ ತೊಂದರೆ ಏರಿಕೆಯದು. ಎಂಜಿನ್ನುಗಳ ಶಕ್ತಿಯಲ್ಲಿ ದೊಡ್ಡ ಪಾಲು ವಿಮಾನವನ್ನು ಅದೇ ಎತ್ತರದಲ್ಲಿ ಹಾರಿಸಲಿಕ್ಕೇ ಖರ್ಚಾಗುತ್ತದೆ. ಮಿಕ್ಕಿದ್ದರಲ್ಲಷ್ಟೇ ಅದು ಏರಬೇಕು. ಅರ್ಧ ಶಕ್ತಿ ಹೋದಾಗ ಕರಗುವುದು ಈ ಮಿಗತೆ. 180 ಅಶ್ವಶಕ್ತಿಯ ಎರಡು ಎಂಜಿನ್ನುಳ್ಳ ಸೆಮಿನೋಲ್ ಸಮುದ್ರಮಟ್ಟದಲ್ಲಿ ನಿಮಿಷಕ್ಕೆ ಸುಮಾರು 1300 ಅಡಿ ಏರುತ್ತದೆ. ಒಂದೇ ಎಂಜಿನ್ನಿನಲ್ಲಿ ಸುಮಾರು 200 ಅಡಿ ಮಾತ್ರ. ಅರ್ಧ ಶಕ್ತಿ ಕಳೆದುಕೊಂಡದ್ದಕ್ಕೆ ಶೇ. 80ಕ್ಕೂ ಹೆಚ್ಚು ಏರಿಕೆ ಮಾಯ.

ಇದೂ ಸಮುದ್ರಮಟ್ಟದ ತಂಪು ಹವೆಯ ಲೆಕ್ಕ. ಕರ್ಜಗಿಗೆ ಹತ್ತಿರದ ವಿಮಾನ ನಿಲ್ದಾಣ ಹುಬ್ಬಳ್ಳಿಯದು. ಅದರ ಎತ್ತರ 2171 ಅಡಿ. ಏಪ್ರಿಲ್ ಮಧ್ಯಾಹ್ನ ಉಷ್ಣಾಂಶ 37 ಡಿಗ್ರಿ ಮುಟ್ಟಿದಾಗ ಗಾಳಿ ಹಿಗ್ಗಿ ತೆಳುವಾಗುತ್ತದೆ. ರನ್‌ವೇ ಮೇಲೆ ನಿಂತ ವಿಮಾನಕ್ಕೆ ಆಗ ಸಿಗುವುದು 5000 ಅಡಿಗೂ ಮೇಲಿನ ಎತ್ತರದ ಗಾಳಿ. ಪೂರ್ತಿ ತೂಕದ ಸೆಮಿನೋಲ್ ಒಂದು ಎಂಜಿನ್ನಿನಲ್ಲಿ ಏರಬಲ್ಲ ಮಿತಿಯೇ ಸುಮಾರು 3800 ಅಡಿ. ಅಂದರೆ ಅಂಥ ಮಧ್ಯಾಹ್ನ, ತುಂಬಿದ ತೂಕದಲ್ಲಿ, ನೆಲ ಬಿಟ್ಟ ಕೂಡಲೇ ಒಂದು ಎಂಜಿನ್ ನಿಂತರೆ ಇನ್ನೊಂದು ಅದನ್ನು ಮೇಲಕ್ಕೆ ಒಯ್ಯಲಾರದು. ಇಳಿಯುವ ವೇಗವನ್ನು ತಗ್ಗಿಸಬಲ್ಲದು, ಅಷ್ಟೆ. ಬೆಳಿಗ್ಗೆ ತಂಪಿನಲ್ಲಿ, ಕಡಿಮೆ ತೂಕದಲ್ಲಿ ಹಾರುವುದೂ ಸುರಕ್ಷತೆಯ ಭಾಗವಾಗುವುದು ಇದಕ್ಕೇ.

ನಿರ್ಧಾರ ನೆಲದ ಮೇಲೆ

ವೇಗಮಾಪಕದಲ್ಲಿ ಒಂದು ನೀಲಿ ಗೆರೆಯೂ ಇರುತ್ತದೆ. ಒಂದೇ ಎಂಜಿನ್ನಿನಲ್ಲಿ ಅತಿ ಹೆಚ್ಚು ಏರಿಕೆ ಕೊಡುವ ವೇಗ ಅದು. ಸೆಮಿನೋಲ್‌ನಲ್ಲಿ ಕೆಂಪು ಗೆರೆ 56 ನಾಟ್, ನೀಲಿ ಗೆರೆ 88 ನಾಟ್. ಈ ಎರಡರ ನಡುವೆ ವಿಮಾನ ಹತೋಟಿಯಲ್ಲಿರುತ್ತದೆ, ಆದರೆ ಏರಿಕೆಯ ನೆಚ್ಚಿಕೆ ಇರುವುದಿಲ್ಲ.

ಆದ್ದರಿಂದ ಟೇಕಾಫ್‌ಗೆ ಮುನ್ನವೇ ಪೈಲಟ್ ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ: ರನ್‌ವೇ ಮೇಲಿರುವಾಗ ಎಂಜಿನ್ ಕೆಟ್ಟರೆ ಎರಡೂ ಥ್ರಾಟಲ್ ಎಳೆದು ನಿಲ್ಲಿಸುತ್ತೇನೆ, ನೆಲ ಬಿಟ್ಟ ಮೇಲೂ ಮುಂದೆ ರನ್‌ವೇ ಉಳಿದಿದ್ದರೆ ಅಲ್ಲೇ ಇಳಿಸುತ್ತೇನೆ, ಚಕ್ರ ಮಡಚಿ ನೀಲಿ ಗೆರೆ ದಾಟಿದ್ದರೆ, ಏರುವ ಶಕ್ತಿಯೂ ಇದ್ದರೆ ಮುಂದುವರಿಯುತ್ತೇನೆ. ಮುಂದುವರಿದವರು ಮೊದಲು ದಿಕ್ಕು ಹಿಡಿಯಬೇಕು, ಓಡುವ ಎಂಜಿನ್ನಿನ ಕಡೆಗೆ ಐದು ಡಿಗ್ರಿಯೊಳಗೆ ವಾಲಿಸಬೇಕು. ಕೆಟ್ಟ ಎಂಜಿನ್ ಯಾವುದೆಂದು ಗುರುತಿಸಿ, ಅದರ ಥ್ರಾಟಲ್ ಎಳೆದು ಖಚಿತ ಮಾಡಿಕೊಂಡ ಮೇಲಷ್ಟೇ ಫೆದರ್ ಮಾಡಬೇಕು. ಫೆದರ್ ಮಾಡುವುದೆಂದರೆ ಪ್ರೊಪೆಲ್ಲರಿನ ಅಲಗುಗಳ ಅಂಚನ್ನು ಗಾಳಿಗೆ ಒಡ್ಡಿ ಜಗ್ಗುವಿಕೆ ತಪ್ಪಿಸುವುದು. ನಡುವಿನ ಖಚಿತಪಡಿಸುವ ಹೆಜ್ಜೆ ಬಿಟ್ಟವರು ಗಾಬರಿಯಲ್ಲಿ ಓಡುವ ಎಂಜಿನ್ನನ್ನೇ ನಿಲ್ಲಿಸಿದ್ದುಂಟು.

ಬಿಡದಿಯ ಪಾಠ

ಒಂದು ಎಂಜಿನ್ ನಿಂತಾಗಿನ ಕ್ರಮ ತಪ್ಪಿದ್ದಕ್ಕೆ ನಮ್ಮ ನಾಡಿನಲ್ಲೇ ದುಬಾರಿ ಬೆಲೆ ತೆತ್ತ ಪ್ರಸಂಗವಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ 14 ಆಸನಗಳ ಸಾರಸ್ ವಿಮಾನ 2004ರ ಮೇ 29ರಂದು ಮೊದಲು ಹಾರಿತು. ಅದರ ಎರಡು ಟರ್ಬೊಪ್ರಾಪ್ ಎಂಜಿನ್ನುಗಳು ದೇಹದ ಹಿಂಭಾಗದಲ್ಲಿವೆ. ಪ್ರೊಪೆಲ್ಲರ್‌ಗಳು ಎಳೆಯುವ ಬದಲು ಹಿಂದಿನಿಂದ ತಳ್ಳುತ್ತವೆ. 2009ರ ಮಾರ್ಚ್ 6ರಂದು ಎರಡನೆಯ ಮಾದರಿ ಎಚ್‌ಎಎಲ್ ನಿಲ್ದಾಣದಿಂದ ಪರೀಕ್ಷೆಗೆ ಹೊರಟಿತು. ಆಕಾಶದಲ್ಲಿ ಒಂದು ಎಂಜಿನ್ನನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಹೊತ್ತಿಸುವುದು ಅಂದಿನ ಕೆಲಸ. ಸುಮಾರು 9000 ಅಡಿಯಲ್ಲಿ ಆ ಪ್ರಯತ್ನ ನಡೆಯುವಾಗ ವಿಮಾನ ಹತೋಟಿ ತಪ್ಪಿ ಬಿಡದಿ ಬಳಿಯ ಶೇಷಗಿರಿಹಳ್ಳಿಯಲ್ಲಿ ಬಿದ್ದಿತು. ವಾಯುಪಡೆಯ ಪರೀಕ್ಷಾ ಪೈಲಟ್‌ಗಳಾದ ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ ಮತ್ತು ಪರೀಕ್ಷಾ ಎಂಜಿನಿಯರ್ ಸ್ಕ್ವಾಡ್ರನ್ ಲೀಡರ್ ಇಳಯರಾಜಾ ಮೃತಪಟ್ಟರು.

ವಿನ್ಯಾಸಕರು ರೂಪಿಸಿದ ಮರುಚಾಲನೆಯ ಕ್ರಮವೇ ತಪ್ಪಾಗಿತ್ತು, ಅದನ್ನು ಸಾಲದ ಎತ್ತರದಲ್ಲಿ ಅನುಸರಿಸಲಾಯಿತು ಎಂಬುದು ನಾಗರಿಕ ವಿಮಾನಯಾನ ನಿರ್ದೇಶನಾಲಯದ ತನಿಖೆ ಕಂಡ ಸಂಭವನೀಯ ಕಾರಣ. ನುರಿತ ಕೈಗಳಿದ್ದವು, ಇನ್ನೊಂದು ಎಂಜಿನ್ನೂ ಇತ್ತು. ಕೈಯಲ್ಲಿದ್ದ ಕ್ರಮ ತಪ್ಪಿದ್ದಾಗ, ತಿದ್ದಿಕೊಳ್ಳಲು ಎತ್ತರ ಸಾಲದಾದಾಗ ಅವೆರಡೂ ಕೆಲಸಕ್ಕೆ ಬರಲಿಲ್ಲ.

ಸುಧಾರಿತ ಸಾರಸ್ 2018ರ ಜನವರಿ 24ರಂದು ಬೆಂಗಳೂರಿನ ಮೇಲೆ ಮತ್ತೆ ಹಾರಿತು. ಅದರ ಬದಲಾವಣೆಗಳ ಪಟ್ಟಿಯಲ್ಲಿ ಎರಡು ಈ ಅಧ್ಯಾಯಕ್ಕೆ ನೇರ ಸಂಬಂಧಿಸಿದವು: ರಡ್ಡರಿನ ವಿಸ್ತೀರ್ಣದ ಸುಧಾರಣೆ, ಮತ್ತು ಟೇಕಾಫ್ ನಂತರ ಒಂದೇ ಎಂಜಿನ್ನಿನಲ್ಲಿ ನಿಗದಿತ ಓರೆಯಲ್ಲಿ ಏರಬೇಕೆಂಬ ನಿಯಮಕ್ಕೆ ತಕ್ಕಂತೆ ಜೋಡಿಸಿದ 104 ಅಂಗುಲ ವ್ಯಾಸದ ಪ್ರೊಪೆಲ್ಲರ್. ಮೊದಲನೆಯದು ದಿಕ್ಕಿಗೆ, ಎರಡನೆಯದು ಏರಿಕೆಗೆ. ಜೋಡಿ ಎಂಜಿನ್ ವಿಮಾನ ಎಷ್ಟು ಸುರಕ್ಷಿತ ಎಂದು ಕೇಳುವವರು ಎಂಜಿನ್ ಎಣಿಸುವ ಬದಲು ಈ ಎರಡನ್ನು ವಿಚಾರಿಸುವುದು ಒಳಿತು.