ಅಂಕಗಳ ಅಂತರ: ಬೋಧನೆಯದೋ, ಆಯ್ಕೆಯದೋ?

ಒಂದೇ ನಗರ, ಒಂದೇ ಆಡಳಿತ. ಆದರೂ ಒಂದು ಸರ್ಕಾರಿ ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಮುಂದಿರುವರು, ಕೆಲವೇ ಮೈಲಿ ದೂರದ ಇನ್ನೊಂದು ಶಾಲೆಯ ಮಕ್ಕಳು ಹಿಂದೆ ಬೀಳುವರು. ಇದಕ್ಕೆಲ್ಲ ಅಧ್ಯಾಪಕರೇ ಹೊಣೆಯೆಂದು ತೀರ್ಪು ಕೊಡುವುದು ಸುಲಭ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ನಡೆದ ಪ್ರಯೋಗವೊಂದು ಆ ತೀರ್ಪನ್ನು ಮರುವಿಚಾರಣೆಗೆ ಒಡ್ಡುತ್ತದೆ.

ಬ್ರೂಕ್ಲಿನ್‌ನ 15ನೆಯ ಶಾಲಾ ಜಿಲ್ಲೆಯಲ್ಲಿ ಸ್ಥಿತಿವಂತರ ಪಾರ್ಕ್ ಸ್ಲೋಪ್ ಬಡಾವಣೆಯೂ ಇದೆ, ಲ್ಯಾಟಿನ್ ಅಮೆರಿಕ ಮತ್ತು ಚೀನಾ ಮೂಲದ ವಲಸೆ ಕುಟುಂಬಗಳು ನೆಲೆಸಿರುವ ಸನ್‌ಸೆಟ್ ಪಾರ್ಕ್ ಕೂಡ ಇದೆ. ಆರರಿಂದ ಎಂಟನೆಯ ತರಗತಿಯವರೆಗಿನ ಇಲ್ಲಿನ ಮಾಧ್ಯಮಿಕ ಶಾಲೆಗಳು ಬಹುಕಾಲ ಮಕ್ಕಳನ್ನು ಅಂಕ, ಹಾಜರಿ, ನಡತೆಗಳ ಆಧಾರದ ಮೇಲೆ ಆರಿಸಿಕೊಳ್ಳುತ್ತಿದ್ದವು. ಹತ್ತು ವರ್ಷದ ಮಗುವಿನ ಹಾಜರಿ ಪಟ್ಟಿ ಅದರ ಶ್ರದ್ಧೆಯನ್ನಷ್ಟೇ ಹೇಳುತ್ತದೆಯೇ? ಮನೆಯ ಬಾಡಿಗೆ, ತಾಯಿಯ ದುಡಿಮೆ, ಕಾಯಿಲೆ ಎಲ್ಲವನ್ನೂ ಹೇಳುತ್ತದೆ. ಹೀಗಾಗಿ ಅನುಕೂಲವಂತರ ಮಕ್ಕಳು ಕೆಲವೇ ಶಾಲೆಗಳಲ್ಲಿ ಕೂಡಿಕೊಂಡರು. ಆ ಶಾಲೆಗಳ ಫಲಿತಾಂಶವೂ ಹೊಳೆಯಿತು.

ಪೋಷಕರ ಒತ್ತಾಯದ ಫಲವಾಗಿ ರೂಪುಗೊಂಡ ಹೊಸ ಯೋಜನೆಗೆ 2018ರಲ್ಲಿ ನಗರಾಡಳಿತವು ಒಪ್ಪಿಗೆಯಿತ್ತಿತು. 2019ರ ಪ್ರವೇಶದಿಂದ ಜಿಲ್ಲೆಯ 11 ಮಾಧ್ಯಮಿಕ ಶಾಲೆಗಳಲ್ಲಿಯೂ ಆಯ್ಕೆಯ ಮಾನದಂಡಗಳು ರದ್ದಾಗಿ ಲಾಟರಿ ಪದ್ಧತಿ ಬಂದಿತು. ಕಡಿಮೆ ವರಮಾನದ ಮನೆಯವರು, ಇಂಗ್ಲಿಷ್ ಕಲಿಯುತ್ತಿರುವವರು, ಸ್ವಂತ ಸೂರಿಲ್ಲದವರು, ಇಂಥ ಮಕ್ಕಳಿಗೆ ಶೇಕಡಾ 52ರಷ್ಟು ಸ್ಥಾನಗಳಲ್ಲಿ ಆದ್ಯತೆ ದೊರೆಯಿತು. ಮೊದಲ ವರ್ಷದಲ್ಲಿಯೇ ಶಾಲೆಗಳ ನಡುವೆ ಮಕ್ಕಳ ಹಂಚಿಕೆ ಹೆಚ್ಚು ಸಮವಾಯಿತು.

ಈ ವಿಚಾರ ಹೊಸದಲ್ಲ. ಅಮೆರಿಕದಲ್ಲಿ ಆರು ಲಕ್ಷದಷ್ಟು ವಿದ್ಯಾರ್ಥಿಗಳನ್ನು ಪರಿಶೀಲಿಸಿ 1966ರಲ್ಲಿ ಹೊರಬಂದ ಜೇಮ್ಸ್ ಕೋಲ್ಮನ್ ವರದಿಯು, ಶಾಲೆಯ ಕಟ್ಟಡ, ಗ್ರಂಥಾಲಯಗಳಿಗಿಂತ ಮಗುವಿನ ಮನೆಯ ಹಿನ್ನೆಲೆ ಮತ್ತು ಸಹಪಾಠಿಗಳ ಪ್ರಭಾವವೇ ಕಲಿಕೆಯಲ್ಲಿ ಹಿರಿದೆಂದು ತಿಳಿಸಿತ್ತು.

ಹಾಗೆಂದು ಲಾಟರಿಯೊಂದೇ ಮದ್ದಲ್ಲ. ಬಾಗಿಲು ತೆರೆದ ಮಾತ್ರಕ್ಕೆ ಹಿಂದುಳಿದ ಮಗು ಓದಿನಲ್ಲಿ ಮುಂದೆ ಬಾರದು. ಬಗೆಬಗೆಯ ಮಟ್ಟದ ಮಕ್ಕಳು ಒಂದೇ ಕೊಠಡಿಯಲ್ಲಿ ಕುಳಿತಾಗ ಗುರುವಿನ ಹೊರೆ ಹೆಚ್ಚುತ್ತದೆ. ಆತನಿಗೆ ತರಬೇತಿ ಬೇಕು, ಮಗುವಿಗೆ ಹೆಚ್ಚಿನ ಆಸರೆ ಬೇಕು.

ಮಕ್ಕಳಿಗೆ ಶಾಲೆಯನ್ನು ಹುಡುಕುವ ತಂದೆತಾಯಂದಿರು ಫಲಿತಾಂಶದ ಅಂಕಿಗಳನ್ನು ಓದುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಈ ಶಾಲೆ ಯಾರನ್ನು ಸೇರಿಸಿಕೊಂಡಿತು, ಯಾರನ್ನು ಬಾಗಿಲಲ್ಲೇ ತಡೆಯಿತು? ಜಾಣರನ್ನು ಆರಿಸಿ ಜಾಣರನ್ನೇ ಹೊರಗೆ ಕಳುಹಿಸುವುದು ದೊಡ್ಡ ಸಾಧನೆಯಲ್ಲ. ಎಡವಿ ಬಂದ ಮಗುವನ್ನು ಕೈಹಿಡಿದು ಒಂದೊಂದೇ ಮೆಟ್ಟಿಲು ಹತ್ತಿಸುವ ಶಾಲೆಯೇ ನಿಜವಾದ ಅರ್ಥದಲ್ಲಿ ಒಳ್ಳೆಯ ಶಾಲೆ.