ಎಣ್ಣೆಯ ಒಳಗುಟ್ಟು

ಕುಸುಬೆ, ಅಗಸೆ, ಹರಳು ಮೊದಲಾದ ಬೀಜಗಳಿಂದ ತೆಗೆದ ಸ್ನೇಹದ್ರವ್ಯವನ್ನೆಲ್ಲ ನಾವು ‘ಎಣ್ಣೆ’ ಎಂಬ ಒಂದೇ ಹೆಸರಿನಿಂದ ಕರೆಯುತ್ತೇವೆ. ಆದರೆ ಕುಸುಬೆಯೆಣ್ಣೆ ಒಗ್ಗರಣೆಗೆ ಸಲ್ಲುತ್ತದೆ. ಹರಳೆಣ್ಣೆ ವಿರೇಚನಕ್ಕೂ ಯಂತ್ರಗಳಿಗೂ ಸಲ್ಲುತ್ತದೆ. ಅಗಸೆಯೆಣ್ಣೆ ಗಾಳಿಗೆ ಒಣಗಿ ಪೊರೆಗಟ್ಟುವುದರಿಂದ ಬಣ್ಣಗಳ ತಯಾರಿಕೆಗೆ ಒದಗುತ್ತದೆ. ಈ ಭೇದಕ್ಕೆ ಕಾರಣವೇನು?

ಎಣ್ಣೆಯ ಅಣುವಿನಲ್ಲಿ ಗ್ಲಿಸರಿನ್ನಿನೊಡನೆ ಮೂರು ಮೇದಾಮ್ಲಗಳು ಕೂಡಿಕೊಂಡಿರುತ್ತವೆ. ಮೇದಾಮ್ಲವೆಂದರೆ ಇಂಗಾಲದ ಪರಮಾಣುಗಳ ನೀಳವಾದ ಸರಪಳಿ. ಪಾಲ್ಮಿಟಿಕ್ ಆಮ್ಲದ ಸರಪಳಿಯಲ್ಲಿ ದ್ವಿಬಂಧವಿಲ್ಲ. ಒಲೀಯಿಕ್ ಆಮ್ಲದಲ್ಲಿ ಒಂದು, ಲಿನೋಲೀಯಿಕ್ ಆಮ್ಲದಲ್ಲಿ ಎರಡು, ಲಿನೋಲೆನಿಕ್ ಆಮ್ಲದಲ್ಲಿ ಮೂರು ಇವೆ. ದ್ವಿಬಂಧಗಳು ಹೆಚ್ಚಿದಷ್ಟೂ ಎಣ್ಣೆಯು ಗಾಳಿಯ ಆಮ್ಲಜನಕಕ್ಕೆ ಬೇಗನೆ ವಶವಾಗುತ್ತದೆ. ಅಗಸೆಯೆಣ್ಣೆಯ ಸುಮಾರು ಅರ್ಧಭಾಗ ಲಿನೋಲೆನಿಕ್ ಆಮ್ಲವೇ ಆದುದರಿಂದ ಅದು ಒಣಗುತ್ತದೆ.

ಇವುಗಳನ್ನು ಅಳೆಯುವ ಬಗೆ ಹೀಗೆ: ಬೀಜವನ್ನು ಪುಡಿಮಾಡಿ, ಹೆಕ್ಸೇನ್ ಎಂಬ ದ್ರಾವಕದಿಂದ ಎಣ್ಣೆಯನ್ನು ಸೆಳೆಯುತ್ತಾರೆ. ಮೇದಾಮ್ಲಗಳು ಸುಲಭವಾಗಿ ಆವಿಯಾಗವು. ಆದುದರಿಂದ ಎಣ್ಣೆಯನ್ನು ಮೆಥನಾಲಿನೊಡನೆ ವರ್ತಿಸುವಂತೆ ಮಾಡಿ ಅವನ್ನು ಮೀಥೈಲ್ ಎಸ್ಟರುಗಳಾಗಿ ಮಾರ್ಪಡಿಸುತ್ತಾರೆ. ಇವುಗಳ ಆವಿಯನ್ನು ಅನಿಲಪ್ರವಾಹವೊಂದು ಬಲು ಸಣ್ಣ, ಉದ್ದನೆಯ ಕೊಳವೆಯೊಳಗೆ ಒಯ್ಯುತ್ತದೆ. ಜಾತ್ರೆಯಿಂದ ಮರಳುವವರಂತೆ ಒಂದೊಂದು ಎಸ್ಟರೂ ತನ್ನದೇ ವೇಳೆಗೆ ಹೊರಬೀಳುತ್ತದೆ. ಹೊರಬಂದ ವೇಳೆಯಿಂದ ಆಮ್ಲದ ಹೆಸರೂ, ಲೇಖದಲ್ಲಿ ಮೂಡಿದ ಶಿಖರದ ವಿಸ್ತೀರ್ಣದಿಂದ ಅದರ ಪ್ರಮಾಣವೂ ತಿಳಿಯುತ್ತವೆ. ಅನಿಲ-ದ್ರವ ವರ್ಣಲೇಖನವೆಂಬ ಈ ವಿಧಾನವನ್ನು ೧೯೫೨ರಲ್ಲಿ ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು.

ನಮ್ಮ ಹೈದರಾಬಾದು ಈ ವಿದ್ಯೆಯ ನೆಲೆಗಳಲ್ಲೊಂದು. ೧೯೪೪ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಯೋಗಶಾಲೆಯಾಗಿ ಹುಟ್ಟಿ ಈಗ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯಾಗಿರುವ ಕೇಂದ್ರವೂ, ರಾಜೇಂದ್ರನಗರದ ಭಾರತೀಯ ಎಣ್ಣೆಬೀಜ ಸಂಶೋಧನಾ ಸಂಸ್ಥೆಯೂ ಇಲ್ಲಿವೆ.

ಬೀದರ, ಕಲಬುರ್ಗಿಗಳಿಂದ ಬಂದ ನಮಗೆ ಕುಸುಬೆಯೆಣ್ಣೆ ರೂಢಿಯಾದುದು. ಊರಿನಲ್ಲಿ ಗಾಣದ ಮುಂದೆಯೇ ನಿಂತು ತರುತ್ತಿದ್ದೆವು. ಇಲ್ಲಿ ಅಂಗಡಿಯ ಡಬ್ಬಿಯನ್ನು ನಂಬಬೇಕು. ಸಾಮಾನ್ಯ ಕುಸುಬೆಯೆಣ್ಣೆಯಲ್ಲಿ ನೂರಕ್ಕೆ ಸುಮಾರು ೭೫ ಪಾಲು ಲಿನೋಲೀಯಿಕ್ ಆಮ್ಲ, ೬-೭ ಪಾಲು ಪಾಲ್ಮಿಟಿಕ್ ಆಮ್ಲ. ತಾಳೆಯೆಣ್ಣೆಯಲ್ಲಿ ಪಾಲ್ಮಿಟಿಕ್ ಆಮ್ಲವೇ ಸುಮಾರು ೪೪ ಪಾಲು. ಐದರಲ್ಲೊಂದು ಪಾಲು ತಾಳೆಯೆಣ್ಣೆ ಬೆರೆಸಿದರೆ ಪಾಲ್ಮಿಟಿಕ್ ಆಮ್ಲ ೧೪ಕ್ಕೆ ಏರುತ್ತದೆ. ಕಣ್ಣು, ಮೂಗುಗಳಿಗೆ ಸಿಕ್ಕದ ಬೆರಕೆ ಲೇಖಕ್ಕೆ ಸಿಕ್ಕುತ್ತದೆ.

ಆದರೆ ಈ ಪರೀಕ್ಷೆಯೊಂದೇ ಸಾಲದು. ೧೯೯೮ರಲ್ಲಿ ದೆಹಲಿಯಲ್ಲಿ ಸಾಸಿವೆಯೆಣ್ಣೆಗೆ ದತ್ತೂರಿಯೆಣ್ಣೆ ಬೆರೆತು ಅರುವತ್ತಕ್ಕೂ ಹೆಚ್ಚು ಜನ ಮಡಿದರು. ಆ ವಿಷವು ಮೇದಾಮ್ಲವಲ್ಲ, ಸಾಂಗ್ವಿನರಿನ್ ಎಂಬ ಕ್ಷಾರಾಭ; ಅದಕ್ಕೆ ಬೇರೆಯೇ ಪರೀಕ್ಷೆ ಬೇಕು. ಯಾವ ಪ್ರಶ್ನೆಗೆ ಯಾವ ಪರೀಕ್ಷೆಯೆಂಬುದನ್ನು ಅರಿಯುವುದೇ ವಿಜ್ಞಾನದ ಮೊದಲ ಪಾಠ.